ಕಚೇರಿ ಕೆಲಸದ ಕಂಪ್ಯೂಟರ್ ಮಾನಿಟರ್

ಕಚೇರಿ ಕೆಲಸದ ಕಂಪ್ಯೂಟರ್ ಮಾನಿಟರ್ ಎಂದರೆ ಪತ್ರವ್ಯವಹಾರ, ಕಡತ, ವರದಿ, ಲೆಕ್ಕಪತ್ರ, ಸ್ಪ್ರೆಡ್‌ಶೀಟ್ ಮೊದಲಾದ ಅಕ್ಷರ ಮತ್ತು ಅಂಕಿಗಳೇ ಪ್ರಧಾನವಾದ ಕೆಲಸಗಳಿಗೆ ಬಳಸುವ ಪ್ರದರ್ಶನ ಪರದೆ. ಚಲನಚಿತ್ರ ವೀಕ್ಷಣೆ, ವಿಡಿಯೊ ಆಟ ಅಥವಾ ಛಾಯಾಚಿತ್ರ ಸಂಪಾದನೆಗೆ ಬೇಕಾಗುವ ಗುಣಗಳಿಗಿಂತ ಇದಕ್ಕೆ ಬೇಕಾಗುವ ಗುಣಗಳು ಭಿನ್ನವಾಗಿವೆ. ಅಲ್ಲಿ ವೇಗ, ವರ್ಣವೈಭವ ಮತ್ತು ಕಪ್ಪಿನ ಗಾಢತೆ ಮುಖ್ಯವಾದರೆ, ಇಲ್ಲಿ ಅಕ್ಷರದ ಅಂಚಿನ ಸ್ಪಷ್ಟತೆ, ಒಂದೇ ನೋಟಕ್ಕೆ ಕಾಣುವ ಸಾಲುಗಳ ಸಂಖ್ಯೆ ಮತ್ತು ದಿನವಿಡೀ ನೋಡಿದರೂ ಕಣ್ಣು ಕತ್ತುಗಳಿಗೆ ಆಯಾಸವಾಗದಿರುವುದು ಮುಖ್ಯ.

ಮಾನಿಟರನ್ನು ಸಾಮಾನ್ಯವಾಗಿ ಇಂಚುಗಳಲ್ಲಿ ಹೇಳುವ ಗಾತ್ರ ಮತ್ತು ಬೆಲೆಗಳನ್ನಷ್ಟೇ ನೋಡಿ ಆರಿಸಲಾಗುತ್ತದೆ. ಆದರೆ ಇಂಚು ಪರದೆಯ ಕರ್ಣದ ಉದ್ದವನ್ನು ಮಾತ್ರ ತಿಳಿಸುತ್ತದೆ. ಆ ಉದ್ದದೊಳಗೆ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದೇ ಓದುವಿಕೆಯನ್ನು ನಿರ್ಧರಿಸುತ್ತದೆ. 3 ಎಂಬ ಅಂಕಿ 8 ಎಂಬಂತೆ ಕಂಡರೆ ಲೆಕ್ಕ ತಪ್ಪುತ್ತದೆ. ‘ಧನ’ ಎಂಬ ಪದ ‘ದನ’ ಎಂಬಂತೆ ಕಂಡರೆ ಅರ್ಥವೇ ಬದಲಾಗುತ್ತದೆ. ಅಂಕಪಟ್ಟಿ, ವೇತನಪಟ್ಟಿ, ಪಿಂಚಣಿ ಆದೇಶಗಳಂತಹ ದಾಖಲೆಗಳಲ್ಲಿ ಇಂತಹ ತಪ್ಪುಗಳ ಪರಿಣಾಮವನ್ನು ಅನುಭವಿಸುವವರು ಪರದೆಯ ಮುಂದೆ ಕುಳಿತವರಲ್ಲ, ದಾಖಲೆಯಲ್ಲಿ ಹೆಸರಿರುವವರು.

ಇತಿಹಾಸ

ಆರಂಭದ ದಿನಗಳಿಂದಲೂ ಕಂಪ್ಯೂಟರ್ ಪರದೆಗಳ ವಿಕಾಸದಲ್ಲಿ ಕಚೇರಿ ಕೆಲಸದ ಪ್ರಭಾವವಿದೆ. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಆಲ್ಟೊ ಗಣಕದ ಪರದೆ 606 ಪಿಕ್ಸೆಲ್ ಅಗಲ ಮತ್ತು 808 ಪಿಕ್ಸೆಲ್ ಎತ್ತರವಾಗಿತ್ತು. ಕಾಗದದ ಹಾಳೆಯನ್ನು ಹೋಲುವಂತೆ ಅದನ್ನು ಉದ್ದಕ್ಕೆ ನಿಲ್ಲಿಸಲಾಗಿತ್ತು. ವೈಯಕ್ತಿಕ ಗಣಕಗಳ ಮೊದಲ ಸ್ಪ್ರೆಡ್‌ಶೀಟ್ ತಂತ್ರಾಂಶವಾದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ II ಗಣಕಕ್ಕಾಗಿ ಬಿಡುಗಡೆಯಾಯಿತು. ಆ ಗಣಕದ ಪರದೆಯಲ್ಲಿ ಸಾಲಿಗೆ 40 ಅಕ್ಷರಗಳಂತೆ 24 ಸಾಲುಗಳು ಮಾತ್ರ ಕಾಣುತ್ತಿದ್ದವು.

1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿಗೆ ಎರಡು ಬಗೆಯ ಪ್ರದರ್ಶನ ಕಾರ್ಡ್‌ಗಳು ಲಭ್ಯವಿದ್ದವು. ಬಣ್ಣ ತೋರಿಸುವ ಕಾರ್ಡ್ ಒಂದೊಂದು ಅಕ್ಷರವನ್ನು 8×8 ಚುಕ್ಕಿಗಳ ಮನೆಯಲ್ಲಿ ಬರೆಯುತ್ತಿತ್ತು. ಏಕವರ್ಣದ ಎಂಡಿಎ ಕಾರ್ಡ್ 9×14 ಚುಕ್ಕಿಗಳ ಮನೆಯನ್ನು ಬಳಸಿ, 80 ಅಕ್ಷರಗಳ 25 ಸಾಲುಗಳನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತಿತ್ತು. ಬಣ್ಣವಿಲ್ಲದಿದ್ದರೂ ಅಕ್ಷರಗಳು ಚೆನ್ನಾಗಿ ಕಾಣುತ್ತಿದ್ದುದರಿಂದ ವ್ಯವಹಾರದ ಬಳಕೆದಾರರಲ್ಲಿ ಎಂಡಿಎಗೆ ಬೇಡಿಕೆಯಿತ್ತು. ಆದರೆ ಅದರಲ್ಲಿ ನಕ್ಷೆಗಳನ್ನು ಬಿಡಿಸಲು ಸಾಧ್ಯವಿರಲಿಲ್ಲ. 1982ರಲ್ಲಿ ಬಂದ ಹರ್ಕ್ಯುಲಿಸ್ ಕಾರ್ಡ್ ಅದೇ ಸ್ಪಷ್ಟ ಅಕ್ಷರಗಳ ಜೊತೆಗೆ ರೇಖಾಚಿತ್ರಗಳನ್ನೂ ತೋರಿಸತೊಡಗಿತು. 1983ರ ಲೋಟಸ್ 1-2-3 ಸ್ಪ್ರೆಡ್‌ಶೀಟ್ ಬಳಸುವವರಿಗೆ ಇದು ಬಹಳ ಅನುಕೂಲವಾಯಿತು. 1987ರಲ್ಲಿ ಐಬಿಎಂ ಪರಿಚಯಿಸಿದ ವಿಜಿಎ ಮಾನಕ ಮುಂದೆ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು.

ಕ್ಯಾಥೋಡ್ ಕಿರಣ ನಳಿಕೆಯ ಪರದೆಗಳು 4:3 ಅನುಪಾತದಲ್ಲಿದ್ದವು. ಅವುಗಳ ನಂತರ ಬಂದ ಎಲ್‌ಸಿಡಿ ಪರದೆಗಳಲ್ಲಿ 17 ಮತ್ತು 19 ಇಂಚಿನವು ಹೆಚ್ಚಾಗಿ 5:4 ಅನುಪಾತದಲ್ಲಿ, 1280×1024 ಪಿಕ್ಸೆಲ್‌ಗಳೊಂದಿಗೆ ದೊರೆಯುತ್ತಿದ್ದವು. ಬಳಿಕ 16:10 ಮತ್ತು ಅನಂತರ ದೂರದರ್ಶನ ಪರದೆಗಳಿಗೆ ಹೊಂದುವ 16:9 ಅನುಪಾತ ವ್ಯಾಪಕವಾಯಿತು. ಹೀಗೆ ಮಾನಿಟರ್ ಅಗಲವಾಗುತ್ತ ಹೋದಂತೆ, ಓದುವ ಕೆಲಸಕ್ಕೆ ಬೇಕಾದ ಎತ್ತರ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ.

ಪಿಕ್ಸೆಲ್ ಸಾಂದ್ರತೆ

ಒಂದು ಇಂಚು ಉದ್ದದಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆಗೆ ಪಿಕ್ಸೆಲ್ ಸಾಂದ್ರತೆ ಎಂದು ಹೆಸರು. ಪರದೆಯ ಅಗಲ ಮತ್ತು ಎತ್ತರಗಳ ಪಿಕ್ಸೆಲ್ ಸಂಖ್ಯೆಗಳನ್ನು ಪ್ರತ್ಯೇಕವಾಗಿ ವರ್ಗ ಮಾಡಿ ಕೂಡಿಸಿ, ಮೊತ್ತದ ವರ್ಗಮೂಲವನ್ನು ಕರ್ಣದ ಇಂಚುಗಳಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಪೈಥಾಗೊರಸ್‌ನ ಪ್ರಮೇಯವೇ ಇದಕ್ಕೆ ಆಧಾರ. 1920×1080 ಪಿಕ್ಸೆಲ್‌ಗಳ ಪರದೆಯ ಕರ್ಣದಲ್ಲಿ ಸುಮಾರು 2203 ಪಿಕ್ಸೆಲ್‌ಗಳಿರುತ್ತವೆ. ಅದು 23.8 ಇಂಚಿನ ಪರದೆಯಾದರೆ ಸಾಂದ್ರತೆ 93, 27 ಇಂಚಿನದಾದರೆ 82.

ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಕೋನ-ನಿಮಿಷದಷ್ಟು, ಅಂದರೆ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸೂಕ್ಷ್ಮ ವಿವರವನ್ನು ಗುರುತಿಸಬಲ್ಲದು ಎಂಬುದು ನೇತ್ರಶಾಸ್ತ್ರದ ಅಳತೆಗೋಲು. 60 ಸೆಂಟಿಮೀಟರ್ ದೂರದಲ್ಲಿ ಈ ಕೋನ ಸುಮಾರು 0.17 ಮಿಲಿಮೀಟರಿಗೆ ಸಮ. ಇದರ ಪ್ರಕಾರ ಆ ದೂರದಿಂದ ನೋಡುವವರಿಗೆ ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣದಿರಬೇಕಾದರೆ ಇಂಚಿಗೆ ಸುಮಾರು 145 ಪಿಕ್ಸೆಲ್‌ಗಳು ಬೇಕು. 70 ಸೆಂಟಿಮೀಟರ್ ದೂರಕ್ಕೆ ಸುಮಾರು 125 ಸಾಕು. 23.8 ಇಂಚಿನ 1920×1080 ಪರದೆಯ ಒಂದೊಂದು ಪಿಕ್ಸೆಲ್ ಸುಮಾರು 0.27 ಮಿಲಿಮೀಟರ್ ಇರುವುದರಿಂದ, ಅದು ಕಣ್ಣಿಗೆ ಮರೆಯಾಗಬೇಕಾದರೆ ನೋಡುವವರು 90 ಸೆಂಟಿಮೀಟರಿಗೂ ದೂರ ಕುಳಿತಿರಬೇಕಾಗುತ್ತದೆ. ಕಚೇರಿಯ ಮೇಜಿನಲ್ಲಿ ಯಾರೂ ಅಷ್ಟು ದೂರ ಕೂರುವುದಿಲ್ಲ. ಆದ್ದರಿಂದಲೇ ಇಂತಹ ಪರದೆಯಲ್ಲಿ ಅಕ್ಷರದ ಓರೆಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ.

145 ಎಂಬುದು ಕನಿಷ್ಠ ಅರ್ಹತೆಯಲ್ಲ. 90ರಿಂದ 110ರ ಸಾಂದ್ರತೆಯ ಪರದೆಗಳಲ್ಲಿ ಅಸಂಖ್ಯ ಜನ ಕೆಲಸ ಮಾಡುತ್ತಾರೆ. ಆದರೆ 85ಕ್ಕಿಂತ ಕೆಳಗಿನ ಸಾಂದ್ರತೆಯಲ್ಲಿ ಸಣ್ಣ ಅಕ್ಷರಗಳ ಒರಟುತನ ಎದ್ದು ಕಾಣುತ್ತದೆ. ತಂತ್ರಜ್ಞಾನದ ದೃಷ್ಟಿಯಿಂದ ಹೆಚ್ಚಿನ ಸಾಂದ್ರತೆ ಹೊಸದೇನಲ್ಲ. 2001ರಲ್ಲೇ ಐಬಿಎಂ ಸಂಸ್ಥೆ 22.2 ಇಂಚಿನಲ್ಲಿ 3840×2400 ಪಿಕ್ಸೆಲ್‌ಗಳುಳ್ಳ, ಇಂಚಿಗೆ 204 ಪಿಕ್ಸೆಲ್ ಸಾಂದ್ರತೆಯ ಎಲ್‌ಸಿಡಿ ಮಾನಿಟರನ್ನು ತಯಾರಿಸಿತ್ತು. ಅಂತಹ ಪರದೆಗಳು ಸಾಮಾನ್ಯ ಕಚೇರಿಯ ಬೆಲೆಗೆ ಇಳಿಯಲು ಬಹಳ ವರ್ಷಗಳು ಹಿಡಿದವು.

ಗಾತ್ರ ಮತ್ತು ಕೆಲಸದ ಜಾಗ

ಪರದೆಯಲ್ಲಿ ಎಷ್ಟು ಮಾಹಿತಿ ಹಿಡಿಯುತ್ತದೆ ಎಂಬುದು ಇಂಚುಗಳನ್ನಲ್ಲ, ಪಿಕ್ಸೆಲ್‌ಗಳನ್ನು ಅವಲಂಬಿಸಿದೆ. ಮೈಕ್ರೋಸಾಫ್ಟ್ ಎಕ್ಸೆಲ್ ತಂತ್ರಾಂಶದ ರೂಢಿಯ ಹೊಂದಿಕೆಯಲ್ಲಿ ಒಂದು ಕಾಲಮ್ 64 ಪಿಕ್ಸೆಲ್ ಅಗಲ ಮತ್ತು ಒಂದು ಅಡ್ಡಸಾಲು 20 ಪಿಕ್ಸೆಲ್ ಎತ್ತರ ಇರುತ್ತದೆ. ತಂತ್ರಾಂಶದ ಮೇಲಿನ ಆಜ್ಞಾಪಟ್ಟಿ, ಸೂತ್ರಪಟ್ಟಿ ಮತ್ತು ಪರದೆಯ ಕೆಳಗಿನ ಕಾರ್ಯಪಟ್ಟಿಗಳು ಸೇರಿ 300 ಪಿಕ್ಸೆಲ್ ಎತ್ತರವನ್ನು ಬಳಸಿಕೊಳ್ಳುತ್ತವೆ ಎಂದು ಭಾವಿಸಿದರೆ, ಅಕ್ಷರಗಳನ್ನು ಹಿಗ್ಗಿಸದೆ ತೋರಿಸಿದಾಗ ಕಾಣುವ ಕಾಲಮ್ ಮತ್ತು ಸಾಲುಗಳ ಲೆಕ್ಕ ಹೀಗಾಗುತ್ತದೆ:

| ಗಾತ್ರ (ಇಂಚು) | ಪಿಕ್ಸೆಲ್‌ಗಳು | ಇಂಚಿಗೆ ಪಿಕ್ಸೆಲ್ | ಕಾಲಮ್‌ಗಳು | ಸಾಲುಗಳು |
|---|---|---|---|---|
| 18.5 | 1366×768 | 85 | 21 | 23 |
| 21.5 | 1920×1080 | 102 | 30 | 39 |
| 23.8 | 1920×1080 | 93 | 30 | 39 |
| 24 | 1920×1200 | 94 | 30 | 45 |
| 27 | 1920×1080 | 82 | 30 | 39 |
| 27 | 2560×1440 | 109 | 40 | 57 |
| 34 | 3440×1440 | 110 | 53 | 57 |

ಈ ಪಟ್ಟಿಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, 21.5, 23.8 ಮತ್ತು 27 ಇಂಚಿನ 1920×1080 ಪರದೆಗಳಲ್ಲಿ ಕಾಣುವ ಮಾಹಿತಿ ಒಂದೇ. ದೊಡ್ಡ ಪರದೆಗೆ ಹೆಚ್ಚು ಹಣ ಕೊಟ್ಟರೂ ಒಂದು ಸಾಲೂ ಹೆಚ್ಚಾಗಿ ಕಾಣುವುದಿಲ್ಲ. ಅದೇ ಅಕ್ಷರಗಳು ದೊಡ್ಡದಾಗಿ, ಒರಟಾಗಿ ಕಾಣುತ್ತವೆ. ಎರಡನೆಯದಾಗಿ, ಆಜ್ಞಾಪಟ್ಟಿಗಳ ಎತ್ತರ ಎಲ್ಲ ಪರದೆಗಳಲ್ಲೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಎತ್ತರದಲ್ಲಿ ಹೆಚ್ಚುವ ಪಿಕ್ಸೆಲ್‌ಗಳೆಲ್ಲ ನೇರವಾಗಿ ಕೆಲಸದ ಸಾಲುಗಳಿಗೆ ಸೇರುತ್ತವೆ. 768ರಿಂದ 1080 ಪಿಕ್ಸೆಲ್‌ಗೆ ಏರಿದಾಗ ಎತ್ತರ ಹೆಚ್ಚಿದ್ದು ಸುಮಾರು ಶೇಕಡಾ 40. ಸಾಲುಗಳು ಹೆಚ್ಚಿದ್ದು ಸುಮಾರು ಶೇಕಡಾ 70. ಮೂರನೆಯದಾಗಿ, 16:10 ಅನುಪಾತದ 1920×1200 ಪರದೆ ಅದೇ ಅಗಲದಲ್ಲಿ ಆರು ಸಾಲುಗಳನ್ನು ಹೆಚ್ಚಾಗಿ ತೋರಿಸುತ್ತದೆ. ಓದುವ ಕೆಲಸಕ್ಕೆ ಈ ಅನುಪಾತವನ್ನು ಹಲವರು ಮೆಚ್ಚುವುದಕ್ಕೆ ಇದೇ ಕಾರಣ.

ಪುಟಗಳ ಕೆಲಸಕ್ಕೆ ಎ4 ಹಾಳೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಹಾಳೆಯ ಎತ್ತರ 29.7 ಸೆಂಟಿಮೀಟರ್, ಅಗಲ 21 ಸೆಂಟಿಮೀಟರ್. 24 ಇಂಚಿನ 16:9 ಪರದೆಯ ಎತ್ತರ ಸುಮಾರು 29.9 ಸೆಂಟಿಮೀಟರ್ ಇರುವುದರಿಂದ, ಆಜ್ಞಾಪಟ್ಟಿಗಳಿಗೆ ಜಾಗ ಕೊಟ್ಟ ಮೇಲೆ ಪೂರ್ಣ ಹಾಳೆ ನಿಜಗಾತ್ರದಲ್ಲಿ ಹಿಡಿಯುವುದಿಲ್ಲ. 27 ಇಂಚಿನ ಪರದೆ ಸುಮಾರು 59.8 ಸೆಂಟಿಮೀಟರ್ ಅಗಲ ಮತ್ತು 33.6 ಸೆಂಟಿಮೀಟರ್ ಎತ್ತರವಾಗಿದ್ದು, ಎರಡು ಹಾಳೆಗಳನ್ನು ಅಕ್ಕಪಕ್ಕದಲ್ಲಿ ಹೆಚ್ಚುಕಡಿಮೆ ನಿಜಗಾತ್ರದಲ್ಲೇ ತೋರಿಸಬಲ್ಲದು.

ಹಿಗ್ಗಿಸುವಿಕೆ

ಸಾಂದ್ರತೆ ಹೆಚ್ಚಿದಂತೆ ಅಕ್ಷರಗಳು ಚಿಕ್ಕದಾಗುತ್ತವೆ. 27 ಇಂಚಿನಲ್ಲಿ 3840×2160 ಪಿಕ್ಸೆಲ್‌ಗಳಿರುವ, 4ಕೆ ಎಂದು ಕರೆಯಲಾಗುವ ಪರದೆಯ ಸಾಂದ್ರತೆ 163. ಹಿಗ್ಗಿಸದೆ ಬಳಸಿದರೆ ಇದರಲ್ಲಿ ಅಕ್ಷರಗಳನ್ನು ಓದುವುದು ಕಷ್ಟ. ಇದಕ್ಕಾಗಿ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಸ್ಕೇಲಿಂಗ್ ಎಂಬ ಹೊಂದಿಕೆ ಇದೆ. 4ಕೆ ಪರದೆಯನ್ನು ಶೇಕಡಾ 150ಕ್ಕೆ ಹಿಗ್ಗಿಸಿದಾಗ ಕೆಲಸದ ಜಾಗ 2560×1440ಕ್ಕೆ ಸಮನಾಗುತ್ತದೆ, ಆದರೆ ಪ್ರತಿ ಅಕ್ಷರವನ್ನೂ ಹೆಚ್ಚು ಪಿಕ್ಸೆಲ್‌ಗಳಿಂದ ಬರೆಯಲಾಗುತ್ತದೆ. ಜಾಗ ಹೆಚ್ಚದೆ ಸ್ಪಷ್ಟತೆ ಮಾತ್ರ ಹೆಚ್ಚುತ್ತದೆ.

ವಯಸ್ಸಿನೊಂದಿಗೆ ಹತ್ತಿರದ ದೃಷ್ಟಿ ಕುಗ್ಗಿದವರಿಗೆ ಈ ವ್ಯತ್ಯಾಸ ಮಹತ್ವದ್ದು. ದೊಡ್ಡ ಅಕ್ಷರ ಬೇಕೆಂಬ ಕಾರಣಕ್ಕೆ 27 ಇಂಚಿನ 1920×1080 ಪರದೆಯನ್ನು ಕೊಳ್ಳುವುದುಂಟು. 27 ಇಂಚಿನ 2560×1440 ಪರದೆಯನ್ನು ಶೇಕಡಾ 125ಕ್ಕೆ ಹಿಗ್ಗಿಸಿದರೆ ಅಕ್ಷರಗಳು ಬಹುತೇಕ ಅಷ್ಟೇ ದೊಡ್ಡದಾಗುತ್ತವೆ. ಜೊತೆಗೆ ಅವುಗಳ ಅಂಚು ನಯವಾಗಿರುತ್ತದೆ, ಕೆಲಸದ ಜಾಗವೂ ತುಸು ಹೆಚ್ಚಿರುತ್ತದೆ. ಪರದೆಯ ಸಹಜ ಪಿಕ್ಸೆಲ್ ಸಂಖ್ಯೆಯನ್ನೇ ಕಡಿಮೆ ಮಾಡಿ ಅಕ್ಷರ ದೊಡ್ಡದು ಮಾಡುವ ಅಭ್ಯಾಸ ಕೆಲವು ಕಚೇರಿಗಳಲ್ಲಿದೆ. ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್‌ಗಳು ಸ್ಥಿರವಾಗಿರುವುದರಿಂದ ಹಾಗೆ ಮಾಡಿದಾಗ ಚಿತ್ರವನ್ನು ಎಳೆದು ಹಿಗ್ಗಿಸಬೇಕಾಗುತ್ತದೆ ಮತ್ತು ಅಕ್ಷರಗಳು ಮಸುಕಾಗುತ್ತವೆ. ಹಳೆಯ ತಂತ್ರಾಂಶಗಳಲ್ಲಿ ಕೆಲವು ಸ್ಕೇಲಿಂಗ್‌ಗೆ ಹೊಂದಿಕೊಳ್ಳದೆ ಮಸುಕಾಗಿ ಕಾಣಬಹುದು. ಆದುದರಿಂದ 4ಕೆ ಪರದೆಯನ್ನು ಆರಿಸುವ ಮುನ್ನ ಕಚೇರಿಯಲ್ಲಿ ಬಳಕೆಯಲ್ಲಿರುವ ತಂತ್ರಾಂಶವನ್ನು ಅದರಲ್ಲಿ ತೆರೆದು ನೋಡುವುದು ಸೂಕ್ತ.

ಉಪಪಿಕ್ಸೆಲ್‌ಗಳು ಮತ್ತು ಅಕ್ಷರಗಳ ಅಂಚು

ಸಾಮಾನ್ಯ ಎಲ್‌ಸಿಡಿ ಪರದೆಯಲ್ಲಿ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿ ಎಂಬ ಮೂರು ಲಂಬ ಪಟ್ಟಿಗಳಿಂದ ಕೂಡಿರುತ್ತದೆ. ಇವುಗಳಿಗೆ ಉಪಪಿಕ್ಸೆಲ್ ಎಂದು ಹೆಸರು. ಮೈಕ್ರೋಸಾಫ್ಟ್ 1998ರಲ್ಲಿ ಪ್ರಕಟಿಸಿದ ಕ್ಲಿಯರ್‌ಟೈಪ್ ತಂತ್ರ ಈ ಪಟ್ಟಿಗಳನ್ನು ಪ್ರತ್ಯೇಕವಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯಗೊಳಿಸುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇದನ್ನು ಸೇರಿಸಲಾಯಿತು. ಪಟ್ಟಿಗಳು ಅಕ್ಕಪಕ್ಕದಲ್ಲಿರುವುದರಿಂದ ಉಪಪಿಕ್ಸೆಲ್‌ಗಳ ಲಾಭ ಅಡ್ಡದಿಕ್ಕಿಗೆ ಮಾತ್ರ ದೊರೆಯುತ್ತದೆ. ಪರದೆಯನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿದಾಗ ಪಟ್ಟಿಗಳ ದಿಕ್ಕೂ ಬದಲಾಗುವುದರಿಂದ ಈ ತಂತ್ರದ ಪರಿಣಾಮ ಕುಗ್ಗುತ್ತದೆ.

ಆಪಲ್ ಸಂಸ್ಥೆ 2018ರ ಮ್ಯಾಕ್‌ಓಎಸ್ ಮೊಹಾವೆಯಿಂದ ಉಪಪಿಕ್ಸೆಲ್ ಆಧಾರಿತ ನಯಗೊಳಿಸುವಿಕೆಯನ್ನು ಕೈಬಿಟ್ಟಿತು. ಹೆಚ್ಚಿನ ಸಾಂದ್ರತೆಯ ಪರದೆಗಳಿಗೆ ಅದರ ಅಗತ್ಯವಿಲ್ಲ. ಆದರೆ ಮ್ಯಾಕ್ ಗಣಕಕ್ಕೆ ಕಡಿಮೆ ಸಾಂದ್ರತೆಯ ಮಾನಿಟರ್ ಜೋಡಿಸಿದಾಗ ಅಕ್ಷರಗಳು ತೆಳುವಾಗಿ ಅಥವಾ ಮಸುಕಾಗಿ ತೋರಬಹುದು.

ಕನ್ನಡ ಲಿಪಿಯ ಓದುವಿಕೆ

ರೋಮನ್ ಲಿಪಿಗೆ ಸಾಕಾಗುವ ಪರದೆ ಕನ್ನಡಕ್ಕೂ ಸಾಕಾಗುತ್ತದೆ ಎನ್ನುವಂತಿಲ್ಲ. ರೋಮನ್ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಸಾಗುತ್ತವೆ. ಕನ್ನಡದಲ್ಲಿ ಮೂಲಾಕ್ಷರದ ಮೇಲೆ ತಲೆಕಟ್ಟು ಅಥವಾ ಸ್ವರಚಿಹ್ನೆ, ಕೆಳಗೆ ಒತ್ತಕ್ಷರ ಹೀಗೆ ಲಿಪಿ ಲಂಬವಾಗಿಯೂ ಬೆಳೆಯುತ್ತದೆ. ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ವಾತಂತ್ರ್ಯ’ ಮೊದಲಾದ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳಿವೆ. ಸಾಲಿನ ಎತ್ತರ 20 ಪಿಕ್ಸೆಲ್ ಮಾತ್ರವಿದ್ದರೆ ಇವೆಲ್ಲವೂ ಅಷ್ಟರೊಳಗೇ ಹಿಡಿಯಬೇಕು. ಒಂದು ಒತ್ತಿಗೆ ಉಳಿಯುವುದು ಕೆಲವೇ ಪಿಕ್ಸೆಲ್. ಉಪಪಿಕ್ಸೆಲ್ ತಂತ್ರದ ಲಾಭ ಅಡ್ಡದಿಕ್ಕಿಗೆ ಸೀಮಿತವಾಗಿರುವುದರಿಂದ ಒತ್ತಕ್ಷರಗಳ ಈ ಇಕ್ಕಟ್ಟಿಗೆ ಅದು ಪರಿಹಾರವಾಗುವುದಿಲ್ಲ. ಸಾಂದ್ರತೆಯನ್ನು ಹೆಚ್ಚಿಸುವುದು ಅಥವಾ ಅಕ್ಷರಗಳನ್ನು ದೊಡ್ಡದು ಮಾಡುವುದೇ ಪರಿಹಾರ.

ದ-ಧ, ಡ-ಢ, ಪ-ಫ ಜೋಡಿಗಳಲ್ಲಿ ಅಲ್ಪಪ್ರಾಣ ಮತ್ತು ಮಹಾಪ್ರಾಣಗಳನ್ನು ಬೇರ್ಪಡಿಸುವುದು ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು. ಕಡಿಮೆ ಸಾಂದ್ರತೆಯ ಪರದೆಯಲ್ಲಿ, ಚಿಕ್ಕ ಗಾತ್ರದಲ್ಲಿ ಈ ಸೀಳು ಒಂದು ಪಿಕ್ಸೆಲ್‌ಗೆ ಇಳಿದು, ಸುತ್ತಲಿನ ಗೆರೆಯೊಂದಿಗೆ ಬೆರೆತುಹೋಗಬಹುದು. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ಭೇದವೂ ಇಂತಹ ಸೂಕ್ಷ್ಮ ತಿರುವುಗಳಲ್ಲೇ ಇದೆ. ವಾಕ್ಯವನ್ನು ಓದುವಾಗ ಸಂದರ್ಭ ಇಂತಹ ಕೊರತೆಯನ್ನು ತುಂಬಿಕೊಡುತ್ತದೆ. ಆದರೆ ಸ್ಪ್ರೆಡ್‌ಶೀಟಿನ ಮನೆಯಲ್ಲಿರುವ ವ್ಯಕ್ತಿಯ ಅಥವಾ ಊರಿನ ಹೆಸರಿಗೆ ಸಂದರ್ಭದ ನೆರವು ಇರುವುದಿಲ್ಲ. ಕಣ್ಣಿಗೆ ಕಂಡದ್ದೇ ದಾಖಲಾಗುತ್ತದೆ. ಕನ್ನಡ ಅಂಕಿಗಳನ್ನು ಬಳಸುವ ಕಡತಗಳಲ್ಲಿ ಸೊನ್ನೆ ಮತ್ತು ಅನುಸ್ವಾರಗಳು ಒಂದೇ ರೀತಿ ಕಾಣುವುದು ಮತ್ತೊಂದು ತೊಡಕು.

ಅಕ್ಷರಶೈಲಿಯ ಆಯ್ಕೆಯೂ ಇದರಲ್ಲಿ ಪಾತ್ರ ವಹಿಸುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ತುಂಗಾ, ವಿಂಡೋಸ್ 8ರಿಂದ ನಿರ್ಮಲ ಯುಐ ಅಕ್ಷರಶೈಲಿಗಳು ಕನ್ನಡಕ್ಕೆ ಲಭ್ಯವಿವೆ. ನೋಟೊ ಸಾನ್ಸ್ ಕನ್ನಡ ಮೊದಲಾದವು ಉಚಿತವಾಗಿ ದೊರೆಯುತ್ತವೆ. ಕನ್ನಡ ಅಕ್ಷರಶೈಲಿಗಳಿಗೆ ಒತ್ತುಗಳ ಕಾರಣದಿಂದ ಹೆಚ್ಚಿನ ಸಾಲೆತ್ತರ ಬೇಕಾಗುವುದರಿಂದ, ಅದೇ ಪರದೆಯಲ್ಲಿ ಕನ್ನಡದ ಸ್ಪ್ರೆಡ್‌ಶೀಟಿನ ಸಾಲುಗಳು ಇಂಗ್ಲಿಷಿನದಕ್ಕಿಂತ ಕಡಿಮೆ ಕಾಣುತ್ತವೆ. ಹೀಗಾಗಿ ಮುಖ್ಯವಾಗಿ ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗೆ ಸಾಂದ್ರತೆ ಮತ್ತು ಎತ್ತರ ಎರಡೂ ತುಸು ಹೆಚ್ಚೇ ಬೇಕಾಗುತ್ತವೆ.

ಪ್ಯಾನೆಲ್‌ಗಳ ವಿಧಗಳು

- ಟಿಎನ್: ಅಗ್ಗದ, ಹಳೆಯ ಬಗೆ. ಮೇಲಿನಿಂದ ಅಥವಾ ಕೆಳಗಿನಿಂದ ನೋಡಿದಾಗ ಬಣ್ಣ ಮತ್ತು ಹೊಳಪು ಬದಲಾಗುತ್ತವೆ. ಒಂದೇ ಪರದೆಯ ಮೇಲ್ಭಾಗ ಮತ್ತು ಕೆಳಭಾಗಗಳು ಬೇರೆಯಾಗಿ ಕಾಣಬಹುದು.
- ಐಪಿಎಸ್: ಯಾವ ಕೋನದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಇಬ್ಬರು ಮೂವರು ಒಂದೇ ಪರದೆಯನ್ನು ನೋಡಿ ತಾಳೆ ಹಾಕುವ ಕೆಲಸಕ್ಕೆ ಅನುಕೂಲ. ಕಾಂಟ್ರಾಸ್ಟ್ ಅನುಪಾತ ಸಾಮಾನ್ಯವಾಗಿ 1000:1ರ ಆಸುಪಾಸಿನಲ್ಲಿರುತ್ತದೆ. ಕಚೇರಿ ಬಳಕೆಗೆ ಹೆಚ್ಚಾಗಿ ಸೂಚಿಸಲಾಗುವ ಬಗೆ ಇದು.
- ವಿಎ: ಕಾಂಟ್ರಾಸ್ಟ್ ಅನುಪಾತ ಸುಮಾರು 3000:1 ಇದ್ದು ಕಪ್ಪು ಬಣ್ಣ ಗಾಢವಾಗಿರುತ್ತದೆ. ಬದಿಯಿಂದ ನೋಡಿದಾಗ ಬಣ್ಣ ಪೇಲವವಾಗುತ್ತದೆ.
- ಓಎಲ್‌ಇಡಿ: ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ ಚಿತ್ರಗಳು ಆಕರ್ಷಕ. ಆದರೆ ಈ ಬಗೆಯ ಅನೇಕ ಮಾನಿಟರ್‌ಗಳಲ್ಲಿ ಉಪಪಿಕ್ಸೆಲ್‌ಗಳ ಜೋಡಣೆ ರೂಢಿಯ ಮೂರು ಪಟ್ಟಿಗಳಂತಿರದೆ, ಅಕ್ಷರಗಳ ಅಂಚಿನಲ್ಲಿ ಬಣ್ಣದ ಛಾಯೆ ಕಾಣಿಸುತ್ತದೆ. ಕಾರ್ಯಪಟ್ಟಿ, ಸ್ಪ್ರೆಡ್‌ಶೀಟಿನ ಗೆರೆಗಳಂತಹ ಕದಲದ ಚಿತ್ರಗಳು ಗಂಟೆಗಟ್ಟಲೆ ಇದ್ದರೆ ಅವುಗಳ ಅಚ್ಚು ಪರದೆಯಲ್ಲಿ ಶಾಶ್ವತವಾಗಿ ಉಳಿಯುವ ಸಂಭವವಿದೆ.

ಹೊಳಪು, ಮೇಲ್ಮೈ ಮತ್ತು ಮಿಣುಕು

ಕಚೇರಿ ಮಾನಿಟರ್‌ಗಳ ಗರಿಷ್ಠ ಹೊಳಪನ್ನು ಸಾಮಾನ್ಯವಾಗಿ 250ರಿಂದ 350 ನಿಟ್ ಎಂದು ನಮೂದಿಸಲಾಗುತ್ತದೆ. ಕಿಟಕಿಯ ನೇರ ಬೆಳಕು ಬೀಳದ ಕೊಠಡಿಯಲ್ಲಿ ಇದರ ಅರ್ಧಕ್ಕಿಂತ ಕಡಿಮೆ ಹೊಳಪೂ ಸಾಕಾಗುತ್ತದೆ. ಪರದೆಯ ಮೇಲಿನ ಬಿಳಿ ಪುಟ ಪಕ್ಕದಲ್ಲಿಟ್ಟ ಬಿಳಿ ಕಾಗದದಷ್ಟೇ ಬೆಳ್ಳಗೆ ಕಾಣುವಂತೆ ಹೊಳಪನ್ನು ಹೊಂದಿಸಿಕೊಳ್ಳುವುದು ಸರಳ ವಿಧಾನ. ಕಾರ್ಖಾನೆಯಿಂದ ಬಂದಾಗ ಹೊಳಪು ಹೆಚ್ಚಾಗಿ ಗರಿಷ್ಠ ಮಟ್ಟದ ಸಮೀಪದಲ್ಲಿರುತ್ತದೆ. ಅದನ್ನು ಇಳಿಸದೆ ಬಳಸುವುದು ಕಣ್ಣಿನ ಆಯಾಸಕ್ಕೆ ಒಂದು ಕಾರಣ.

ಮಿರುಗುವ ಮೇಲ್ಮೈಯಲ್ಲಿ ಟ್ಯೂಬ್‌ಲೈಟ್ ಮತ್ತು ಕಿಟಕಿಗಳ ಪ್ರತಿಬಿಂಬ ಬೀಳುವುದರಿಂದ ಮಂಕು ಮೇಲ್ಮೈಯ ಪರದೆ ಕಚೇರಿಗೆ ಉತ್ತಮ. ಕೆಲವು ಮಾನಿಟರ್‌ಗಳು ಹೊಳಪನ್ನು ಇಳಿಸಲು ಹಿಂಬದಿಯ ದೀಪವನ್ನು ಅತಿವೇಗವಾಗಿ ಆರಿಸಿ ಹೊತ್ತಿಸುತ್ತವೆ. ಇದಕ್ಕೆ ಪಿಡಬ್ಲ್ಯುಎಂ ಎಂದು ಹೆಸರು. ಕಣ್ಣಿಗೆ ನೇರವಾಗಿ ಕಾಣದಿದ್ದರೂ ಕೆಲವರಿಗೆ ಇದರಿಂದ ತಲೆನೋವು ಬರುವುದುಂಟು. ದೀಪಕ್ಕೆ ಹರಿಯುವ ವಿದ್ಯುತ್ತನ್ನೇ ತಗ್ಗಿಸುವ ಮಾನಿಟರ್‌ಗಳನ್ನು ಮಿಣುಕುರಹಿತ ಎಂದು ಗುರುತಿಸಲಾಗುತ್ತದೆ.

ನೀಲಿ ಬೆಳಕನ್ನು ತಡೆಯುವ ಸೌಲಭ್ಯಕ್ಕೆ ಜಾಹೀರಾತುಗಳಲ್ಲಿ ಪ್ರಾಧಾನ್ಯವಿದೆ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯ ಅಭಿಪ್ರಾಯದಂತೆ, ಕಂಪ್ಯೂಟರ್ ಬಳಕೆಯಿಂದ ಉಂಟಾಗುವ ಕಣ್ಣಿನ ಆಯಾಸಕ್ಕೆ ನೀಲಿ ಬೆಳಕು ಕಾರಣವಲ್ಲ. ಪರದೆಯನ್ನು ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದು ಮುಖ್ಯ ಕಾರಣ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸವನ್ನು ನೇತ್ರವೈದ್ಯರು ಸೂಚಿಸುತ್ತಾರೆ.

ರಿಫ್ರೆಶ್ ದರ

ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಬಾರಿ ಹೊಸದಾಗುತ್ತದೆ ಎಂಬುದು ರಿಫ್ರೆಶ್ ದರ. ಕ್ಯಾಥೋಡ್ ಕಿರಣ ನಳಿಕೆಯ ಕಾಲದಲ್ಲಿ 60 ಹರ್ಟ್ಸ್ ದರದಲ್ಲಿ ಚಿತ್ರ ಮಿಣುಕುತ್ತಿದ್ದುದರಿಂದ 75 ಅಥವಾ 85 ಹರ್ಟ್ಸ್ ಬಳಸಲು ಹೇಳಲಾಗುತ್ತಿತ್ತು. ಎಲ್‌ಸಿಡಿ ಪರದೆಯಲ್ಲಿ ಚಿತ್ರ ಮರುಬರಹದ ನಡುವೆ ಆರಿಹೋಗುವುದಿಲ್ಲವಾದ್ದರಿಂದ ಅಕ್ಷರ ಮತ್ತು ಅಂಕಿಗಳ ಕೆಲಸಕ್ಕೆ 60 ಹರ್ಟ್ಸ್ ಸಾಕು. 75 ಅಥವಾ 100 ಹರ್ಟ್ಸ್ ಇದ್ದರೆ ಉದ್ದನೆಯ ಪಟ್ಟಿಯನ್ನು ಸರಿಸುವಾಗ ಚಲನೆ ನಯವಾಗಿ ತೋರುತ್ತದೆ. 144 ಹರ್ಟ್ಸ್ ಮತ್ತು ಅದಕ್ಕೂ ಮೇಲಿನ ದರಗಳು ಮುಖ್ಯವಾಗಿ ಆಟಗಳಿಗಾಗಿ ಇರುವಂಥವು. ಅವುಗಳಿಗೆ ಕೊಡುವ ಹಣವನ್ನು ಸಾಂದ್ರತೆಗೆ ಅಥವಾ ಉತ್ತಮ ಸ್ಟ್ಯಾಂಡಿಗೆ ವಿನಿಯೋಗಿಸುವುದು ಕಚೇರಿಗೆ ಹೆಚ್ಚು ಲಾಭದಾಯಕ.

ಸಂಪರ್ಕ

ಒಳ್ಳೆಯ ಪರದೆಯೂ ಸರಿಯಲ್ಲದ ಕೇಬಲ್‌ನಿಂದ ಮಸುಕಾಗಬಹುದು. ವಿಜಿಎ ಸಂಪರ್ಕದಲ್ಲಿ ಚಿತ್ರ ಅನಲಾಗ್ ಸಂಕೇತವಾಗಿ ಸಾಗುವುದರಿಂದ ಪಿಕ್ಸೆಲ್‌ಗಳ ಗಡಿ ಸ್ವಲ್ಪ ಕದಡುತ್ತದೆ. ಅಕ್ಷರದ ಪಕ್ಕದಲ್ಲಿ ನೆರಳು ಕಾಣಬಹುದು. ಗಣಕದಲ್ಲಿ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಇದ್ದರೆ ಅವನ್ನೇ ಬಳಸಬೇಕು. ವಿಜಿಎ ಅನಿವಾರ್ಯವಾದಾಗ ಮಾನಿಟರಿನ ಸ್ವಯಂಹೊಂದಾಣಿಕೆಯ ಗುಂಡಿಯನ್ನು ಒತ್ತಿದರೆ ಚಿತ್ರ ಬಹಳಷ್ಟು ಸುಧಾರಿಸುತ್ತದೆ.

4ಕೆ ಪರದೆಗೆ ಎಚ್‌ಡಿಎಂಐ 1.4 ಸಂಪರ್ಕ ಸೆಕೆಂಡಿಗೆ 30 ಚಿತ್ರಗಳನ್ನಷ್ಟೇ ಒದಗಿಸುತ್ತದೆ. ಮೌಸ್ ಹಿಂದೆ ಬಿದ್ದಂತೆ ಅನಿಸುತ್ತದೆ. 60 ಹರ್ಟ್ಸ್‌ಗೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ದೂರದರ್ಶನ ಪರದೆಯನ್ನು ಮಾನಿಟರ್ ಆಗಿ ಬಳಸುವಾಗ ಕೆಲವೊಮ್ಮೆ ಬಣ್ಣದ ಮಾಹಿತಿಯನ್ನು ಕಡಿತಗೊಳಿಸಿ ತೋರಿಸಲಾಗುತ್ತದೆ. ಚಲನಚಿತ್ರದಲ್ಲಿ ಇದು ಗಮನಕ್ಕೆ ಬರುವುದಿಲ್ಲ. ಬಣ್ಣದ ಹಿನ್ನೆಲೆಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಎದ್ದು ಕಾಣುತ್ತದೆ. ಯುಎಸ್‌ಬಿ-ಸಿ ಇರುವ ಮಾನಿಟರ್‌ಗಳಲ್ಲಿ ಕೆಲವು ಒಂದೇ ಕೇಬಲ್‌ನಿಂದ ಲ್ಯಾಪ್‌ಟಾಪ್‌ನ ಚಿತ್ರವನ್ನು ಪಡೆದು, ಅದಕ್ಕೆ ವಿದ್ಯುತ್ತನ್ನೂ ಒದಗಿಸುತ್ತವೆ.

ಸ್ಟ್ಯಾಂಡ್ ಮತ್ತು ಇರಿಸುವ ವಿಧಾನ

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ಓಶಾ ಪ್ರಕಾರ ಪರದೆ ಕಣ್ಣಿನಿಂದ 20ರಿಂದ 40 ಇಂಚು, ಅಂದರೆ ಸುಮಾರು 50ರಿಂದ 100 ಸೆಂಟಿಮೀಟರ್ ದೂರದಲ್ಲಿರಬೇಕು. ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಬೇಕು; ನಡುಭಾಗ ಕಣ್ಣಿನ ಮಟ್ಟಕ್ಕಿಂತ 15ರಿಂದ 20 ಡಿಗ್ರಿ ಕೆಳಗಿರಬೇಕು. ಇದಕ್ಕೆ ಎತ್ತರವನ್ನು ಹೊಂದಿಸಬಹುದಾದ ಸ್ಟ್ಯಾಂಡ್ ಅಗತ್ಯ. ಅಗ್ಗದ ಮಾದರಿಗಳ ಸ್ಟ್ಯಾಂಡುಗಳು ಹಿಂದಕ್ಕೆ ಮುಂದಕ್ಕೆ ಬಾಗುತ್ತವೆಯೇ ಹೊರತು ಮೇಲೇರುವುದಿಲ್ಲ. ಪರದೆಯ ಹಿಂಭಾಗದಲ್ಲಿ ವೇಸಾ ಮಾನಕದ 100×100 ಮಿಲಿಮೀಟರ್ ಅಂತರದ ತಿರುಪು ರಂಧ್ರಗಳಿದ್ದರೆ ಪ್ರತ್ಯೇಕ ತೋಳನ್ನು ಜೋಡಿಸಬಹುದು.

ಹತ್ತಿರ ಮತ್ತು ದೂರ ಎರಡಕ್ಕೂ ಒಂದೇ ಕನ್ನಡಕ ಧರಿಸುವವರು ಗಾಜಿನ ಕೆಳಭಾಗದಿಂದ ಓದಲು ತಲೆಯನ್ನು ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಇದರಿಂದ ಕತ್ತು ನೋಯುತ್ತದೆ. ಅಂಥವರಿಗೆ ಪರದೆಯನ್ನು ಇನ್ನಷ್ಟು ತಗ್ಗಿಸಿ, ತುಸು ಮೇಲ್ಮುಖವಾಗಿ ಬಾಗಿಸುವುದು ಹಿತಕರ. ಕಿಟಕಿ ಪರದೆಯ ಹಿಂದಾಗಲಿ ಎದುರಾಗಲಿ ಇರದೆ ಪಕ್ಕದಲ್ಲಿರುವಂತೆ ಮೇಜನ್ನು ಇಡಬೇಕು.

ಒಂದು ಪರದೆ ಅಥವಾ ಎರಡು

ಮೂಲ ದಾಖಲೆಯನ್ನು ನೋಡುತ್ತ ಇನ್ನೊಂದರಲ್ಲಿ ನಮೂದಿಸುವ ಕೆಲಸಕ್ಕೆ ಎರಡು ಪರದೆಗಳು ಉಪಯುಕ್ತ. ಇವುಗಳಲ್ಲಿ ಒಂದನ್ನು ಉದ್ದಕ್ಕೆ ತಿರುಗಿಸಿದರೆ ಪೂರ್ಣ ಪುಟ ಕಾಣುತ್ತದೆ. ಗಾತ್ರ ಮತ್ತು ಸಾಂದ್ರತೆ ಒಂದೇ ಆಗಿರದಿದ್ದರೆ ಒಂದು ಪರದೆಯಿಂದ ಇನ್ನೊಂದಕ್ಕೆ ಕಿಟಕಿ ಸರಿದಾಗ ಅಕ್ಷರಗಳ ಗಾತ್ರ ಬದಲಾಗುತ್ತದೆ. ಹೆಚ್ಚು ಬಳಸುವ ಪರದೆಯನ್ನು ನೇರ ಎದುರಿಗೆ ಇಡಬೇಕು. ನಡುವಿನ ಅಂಚು ಎದುರಿಗೆ ಬಂದರೆ ಕತ್ತು ದಿನವಿಡೀ ತಿರುಗಿರಬೇಕಾಗುತ್ತದೆ. ಅಗಲವಾದ ಲೆಕ್ಕಪಟ್ಟಿಗಳಿಗೆ 34 ಇಂಚಿನ ಅತಿಅಗಲದ ಪರದೆ ಪರ್ಯಾಯವಾಗಿದೆ.

ಖರೀದಿಯ ಸಮಯದ ಪರಿಶೀಲನೆ

ಭಾರತದಲ್ಲಿ ಮಾನಿಟರ್‌ಗಳು ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ವ್ಯವಸ್ಥೆಗೆ ಒಳಪಟ್ಟಿವೆ. ಉತ್ಪನ್ನದ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಇದು ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದೇ ಹೊರತು ಓದುವಿಕೆಯ ಗುಣಮಟ್ಟಕ್ಕಲ್ಲ. ಸ್ವೀಡನ್ನಿನ ನೌಕರರ ಒಕ್ಕೂಟವಾದ ಟಿಸಿಒ 1992ರಲ್ಲಿ ಆರಂಭಿಸಿದ ಪ್ರಮಾಣಪತ್ರ ಇಂದು ಪರದೆಯ ದಕ್ಷತೆ ಮತ್ತು ಪರಿಸರದ ಅಂಶಗಳನ್ನೂ ಒಳಗೊಂಡಿದೆ. ಪರದೆಗಳ ಬಳಕೆಯ ಹಿತಕರತೆಗೆ ಐಎಸ್‌ಒ 9241 ಸರಣಿಯ ಅಂತರರಾಷ್ಟ್ರೀಯ ಮಾನಕಗಳಿವೆ.

ಸಂಸ್ಥೆಗಳು ದರಪಟ್ಟಿ ಆಹ್ವಾನಿಸುವಾಗ ‘24 ಇಂಚಿನ ಎಲ್‌ಇಡಿ ಮಾನಿಟರ್’ ಎಂದಷ್ಟೇ ಬರೆದರೆ, ಕನಿಷ್ಠ ಬೆಲೆಯ ಮಾದರಿ ಯಾವ ಪ್ಯಾನೆಲ್‌ನದೇ ಆಗಿದ್ದರೂ ಷರತ್ತನ್ನು ಪೂರೈಸಿಬಿಡುತ್ತದೆ. ಎಲ್‌ಇಡಿ ಎಂಬುದು ಹಿಂಬದಿಯ ದೀಪದ ಹೆಸರು ಮಾತ್ರ. ಪರದೆ ಎಲ್‌ಸಿಡಿಯೇ ಆಗಿರುತ್ತದೆ. ಆದುದರಿಂದ ಪಿಕ್ಸೆಲ್ ಸಂಖ್ಯೆ, ಪ್ಯಾನೆಲ್‌ನ ಬಗೆ, ಮಂಕು ಮೇಲ್ಮೈ, ಎತ್ತರ ಹೊಂದಿಸುವ ಸ್ಟ್ಯಾಂಡ್, ಮಿಣುಕುರಹಿತ ದೀಪ, ಗಣಕಕ್ಕೆ ಹೊಂದುವ ಸಂಪರ್ಕ ಮತ್ತು ಕೆಟ್ಟ ಪಿಕ್ಸೆಲ್‌ಗಳ ಕುರಿತ ವಾರಂಟಿ ನಿಯಮಗಳನ್ನು ವಿವರವಾಗಿ ನಮೂದಿಸುವುದು ಅಗತ್ಯ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುವುದರಿಂದ ಒಂದೆರಡು ಕೆಟ್ಟಿರುವುದು ಅಸಹಜವಲ್ಲ. ಎಷ್ಟು ಕೆಟ್ಟರೆ ಬದಲಿಸಿಕೊಡಲಾಗುತ್ತದೆ ಎಂಬುದು ತಯಾರಕರಿಂದ ತಯಾರಕರಿಗೆ ಭಿನ್ನ.

ಅಂಗಡಿಯಲ್ಲಿ ಪ್ರದರ್ಶನಕ್ಕೆ ಇರಿಸಿದ ಪರದೆಗಳಲ್ಲಿ ಸಾಮಾನ್ಯವಾಗಿ ಬಣ್ಣಬಣ್ಣದ ವಿಡಿಯೊ ಓಡುತ್ತಿರುತ್ತದೆ. ಅದರಿಂದ ಅಕ್ಷರಗಳ ಗುಣ ತಿಳಿಯುವುದಿಲ್ಲ. ಒತ್ತಕ್ಷರಗಳುಳ್ಳ ಒಂದು ಕನ್ನಡ ಪುಟವನ್ನೂ ಅಂಕಿಗಳು ತುಂಬಿದ ಒಂದು ಸ್ಪ್ರೆಡ್‌ಶೀಟನ್ನೂ ದಿನನಿತ್ಯ ಬಳಸುವ ಗಾತ್ರದಲ್ಲಿ ತೆರೆದು, ಕೈ ಚಾಚಿದಷ್ಟು ದೂರದಿಂದ ಓದಿ ನೋಡುವುದು ವಿಶ್ವಾಸಾರ್ಹ ಪರೀಕ್ಷೆ.

ಇವನ್ನೂ ನೋಡಿ

- ಎಲ್‌ಸಿಡಿ
- ಪಿಕ್ಸೆಲ್
- ಸ್ಪ್ರೆಡ್‌ಶೀಟ್
- ಕನ್ನಡ ಲಿಪಿ
- ಯೂನಿಕೋಡ್